ರೆಮುಗಾಗಿ ಹಾಸಿದ ಕೋಟು

ಏಪ್ರಿಲ್ 4, 2023, ಮಂಗಳವಾರ

ಇವತ್ತು ಅಂಗಳದಲ್ಲಿ ಬಾವುಟ ಏರಿಸಿದೆ. ಹಬ್ಬವೂ ಅಲ್ಲ, ಮನೆಯಲ್ಲಿ ಯಾರ ಹುಟ್ಟುಹಬ್ಬವೂ ಅಲ್ಲ. ಫಿನ್‌ಲೆಂಡ್ ನೇಟೋ ಕೂಟಕ್ಕೆ ಸೇರಿತು ಅಂತ ರೇಡಿಯೋದಲ್ಲಿ ಹೇಳಿದರು. ಇಷ್ಟು ವರ್ಷ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಅಂತ ನಾಲಗೆ ಕಚ್ಚಿಕೊಂಡು ಬಾಳಿದ್ದಾಯಿತು. ಇನ್ನು ನಮ್ಮನ್ನು ಮುಟ್ಟಿದರೆ ಮೂವತ್ತು ದೇಶ ಎದ್ದು ಬರಬೇಕು. ನಮ್ಮ ಮನೆಯ ಹಿಂದಿನ ಕಾಡು ದಾಟಿದರೆ ರಷ್ಯಾ. ಅಪ್ಪ ಹುಟ್ಟಿದ ಹಳ್ಳಿ ಯುದ್ಧದಲ್ಲಿ ಆ ಕಡೆಗೇ ಹೋಯಿತು. ಹಾಗಾಗಿ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಪಕ್ಕದ ಮನೆಯ ಒಯ್ವಾ ಬಂದ. ನಮ್ಮ ಬೇಟೆ ತಂಡಕ್ಕೆ ಅವನೇ ಯಜಮಾನ, ಅವನ ಬಾಯಿಗೆ ಯಜಮಾನರಿಲ್ಲ. ಬಾವುಟ ನೋಡಿ ಟೋಪಿ ತೆಗೆದು, ಯಾರಪ್ಪಾ ಹೋದದ್ದು ಅಂತ ಕೇಳಿದ. ಆಮೇಲೆ ಅಂದ: "ಕರಡಿ ಮಗ್ಗುಲಲ್ಲಿ ಮಲಗೋನು ಊರ ನಾಯಿಗಳನ್ನೆಲ್ಲ ಕರೆದು ಬೊಗಳಿಸಬಾರದು ಕಣೋ ಸುಲೊ."

ನಾಯಿ ಬೊಗಳಿದರೇ ಕರಡಿ ದೂರ ಇರೋದು ಅಂದೆ. ನಾಯಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ರೆಮು ಕಾಲಬುಡದಲ್ಲೇ ಇತ್ತು. ಐದು ವರ್ಷದ ಬೂದು ನಾಯಿ. ಕಡವೆ ಬೇಟೆಯಲ್ಲಿ ಈ ಸುತ್ತಿನಲ್ಲಿ ಅದರ ಸಮ ಇನ್ನೊಂದಿಲ್ಲ.

ನನ್ನ ಹೆಂಡತಿ ಔನೆ ಕಾಫಿ ಕೊಟ್ಟಳು. ಒಯ್ವಾ ಮೂರು ಲೋಟ ಕುಡಿದು, ಬಯ್ದುಕೊಂಡೇ ಹೋದ.

ಅಕ್ಟೋಬರ್ 14, ಶನಿವಾರ

ಬೇಟೆ ಶುರು. ರೆಮು ಬೆಳಗ್ಗೆಯೇ ಹೋರಿ ಕಡವೆಯೊಂದನ್ನು ಬೊಗಳಿ ಬೊಗಳಿ ತಡೆದು ನಿಲ್ಲಿಸಿತು. ಒಯ್ವಾ ಹೊಡೆದ. ಗುಂಡು ಅವನದು, ಕೆಲಸ ರೆಮುವಿನದು. ಸಾರು ಕುಡಿಯುವಾಗ ಇದನ್ನು ಎಲ್ಲರ ಮುಂದೆ ಹೇಳಿದೆ. ಔನೆ ಮೇಜಿನ ಕೆಳಗೆ ಕಾಲು ತುಳಿದಳು.

ಅಕ್ಟೋಬರ್ 21, ಶನಿವಾರ

ರೆಮು ಇಲ್ಲ.

ಅಕ್ಟೋಬರ್ 22, ಭಾನುವಾರ

ನಿನ್ನೆ ಬರೆಯಲು ಕೈ ಬರಲಿಲ್ಲ. ಇವತ್ತು ಬರೆದೇ ಬಿಡುತ್ತೇನೆ.

ನಾಯಿಯ ಕೊರಳಪಟ್ಟಿಯಲ್ಲಿ ಯಂತ್ರವಿದೆ, ಅದು ಎಲ್ಲಿದ್ದರೂ ಫೋನಿನ ಮ್ಯಾಪಿನಲ್ಲಿ ಚುಕ್ಕೆ ತೋರಿಸುತ್ತದೆ. ನಿನ್ನೆ ಆ ಚುಕ್ಕೆಗೆ ಹುಚ್ಚು ಹಿಡಿಯಿತು. ಒಮ್ಮೆ ಕೆರೆಯ ನಡುವೆ, ಒಮ್ಮೆ ಚರ್ಚಿನ ಹಿತ್ತಲಲ್ಲಿ, ಒಮ್ಮೆ ನನ್ನ ಬೆನ್ನ ಹಿಂದೆಯೇ. ಆ ಕಡೆಯವರು ಉಪಗ್ರಹದ ಸಂಕೇತ ಕೆಡಿಸುತ್ತಾರೆ, ವಿಮಾನಗಳಿಗೂ ದಾರಿ ತಪ್ಪುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ. ನಮ್ಮ ನಾಯಿಗೂ ಅದು ತಟ್ಟುತ್ತದೆ ಅಂತ ಯಾರು ಕಂಡಿದ್ದರು. ನಾನು ಚುಕ್ಕೆ ನಂಬಿ ಕೆರೆಯ ಕಡೆ ಓಡಿದೆ. ಚುಕ್ಕೆ ಸ್ಥಿಮಿತಕ್ಕೆ ಬರುವಷ್ಟರಲ್ಲಿ ಕಡವೆ ಗಡಿ ದಾಟಿತ್ತು, ರೆಮುವೂ ದಾಟಿತ್ತು. ಬೊಗಳುವುದು ಕೇಳುತ್ತಲೇ ಇತ್ತು. ಹಳದಿ ಪಟ್ಟೆ ಬಳಿದ ಮರದ ಹತ್ತಿರ ನಿಂತು ಗಂಟಲು ಹರಿಯುವವರೆಗೆ ಕರೆದೆ. ಆ ಮರದಿಂದಾಚೆ ಗಡಿ ಪಟ್ಟಿ, ಪರವಾನಗಿ ಇಲ್ಲದೆ ಕಾಲಿಡುವ ಹಾಗಿಲ್ಲ. ಕಡವೆ ನಿಂತಿರುವ ತನಕ ಬಿಟ್ಟು ಬರಬಾರದು ಅಂತ ಅದಕ್ಕೆ ಕಲಿಸಿದವನೇ ನಾನು. ಅದು ಕಲಿತದ್ದನ್ನೇ ಮಾಡಿತು.

ಗಡಿ ಠಾಣೆಗೆ ಫೋನ್ ಮಾಡಿದೆ. ಪಿಹ್ಲಾ ಅನ್ನುವ ಹುಡುಗಿ ಎತ್ತಿಕೊಂಡಳು. ಗೊತ್ತಿರುವವಳೇ, ಅವಳ ತಾತ ನಮ್ಮ ತಂಡದಲ್ಲಿದ್ದ. ಆ ಕಡೆಯವರಿಗೆ ತಿಳಿಸುತ್ತೇವೆ ಅಂದಳು. ಏಳು ವರ್ಷದ ಹಿಂದೆ ರೆಮುವಿನ ತಾಯಿಯೂ ಹೀಗೇ ದಾಟಿತ್ತು. ಮಾರನೇ ದಿನವೇ ರಷ್ಯದ ಸಿಪಾಯಿಯೊಬ್ಬ ಎದೆಗವಚಿಕೊಂಡು ತಂದುಕೊಟ್ಟಿದ್ದ. ಹೊಟ್ಟೆ ತುಂಬ ಸಾಸೇಜ್ ತಿನ್ನಿಸಿ ಕಳಿಸಿದ್ದರು, ದಾರಿಯುದ್ದಕ್ಕೂ ಕಾರಿನಲ್ಲಿ ಕಕ್ಕಿತ್ತು. ಅದನ್ನು ಪಿಹ್ಲಾಗೆ ನೆನಪಿಸಿದೆ. ಆ ಕಾಲ ಬೇರೆ ಇತ್ತು ಅಂದಳು. ಕಾಲ ಬೇರೆಯಾದರೆ ನಾಯಿ ಬೇರೆಯೇನು.

ಹಿರಿಯರು ಮಾಡುತ್ತಿದ್ದದ್ದನ್ನು ನಾನೂ ಮಾಡಿದೆ. ಮೈಮೇಲಿನ ಕೋಟು ಬಿಚ್ಚಿ ಹಳದಿ ಪಟ್ಟೆಯ ಮರದ ಬುಡದಲ್ಲಿ ಹಾಸಿ ಬಂದೆ. ಕಾಡಿನಲ್ಲಿ ತಪ್ಪಿದ ನಾಯಿ ಕಳೆದುಹೋದ ಜಾಗಕ್ಕೇ ತಿರುಗಿ ಬರುತ್ತದೆ. ಯಜಮಾನನ ವಾಸನೆ ಸಿಕ್ಕರೆ ಅದರ ಮೇಲೇ ಮಲಗಿ ಕಾಯುತ್ತದೆ.

ಅಕ್ಟೋಬರ್ 23

ಕೋಟು ಖಾಲಿ. ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು.

ಅಕ್ಟೋಬರ್ 24

ಬೆಳಕು ಹರಿಯುವಾಗ ಹೋದೆ. ದೂರದಿಂದಲೇ ಕಂಡಿತು, ಕೋಟಿನ ಮೇಲೆ ನಾಯಿ ಸುರುಳಿ ಸುತ್ತಿಕೊಂಡು ಮಲಗಿತ್ತು. ರೆಮು ಅಂತ ಕೂಗಿದೆ. ಅದು ತಲೆ ಎತ್ತಿತು.

ರೆಮು ಅಲ್ಲ. ಬಿಳಿ ನಾಯಿ, ಆ ಕಡೆಯ ಬೇಟೆ ತಳಿಯದು. ಎಡಗಿವಿ ಹರಿದಿದೆ. ಕೊರಳಿಗೆ ಹಳೇ ಚರ್ಮದ ತುಂಡು, ಅದರಲ್ಲಿ ಹೆಸರೂ ಇಲ್ಲ, ಊರೂ ಇಲ್ಲ. ನನ್ನ ಕೋಟಿನ ಮೇಲೆ ತನ್ನಪ್ಪನ ಮನೆ ಹಾಗೆ ಮಲಗಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಒದೆಯಲು ಕಾಲೆತ್ತಿದೆ. ಅದು ಬಾಲ ಅಲ್ಲಾಡಿಸಿತು.

ಆ ಕಡೆಯ ಪ್ರಾಣಿ ಕಂಡರೆ ಮುಟ್ಟಬೇಡಿ, ಹುಚ್ಚುನಾಯಿ ರೋಗದ ಭಯ ಇದೆ, ಠಾಣೆಗೆ ಹೇಳಿ, ಪಶುವೈದ್ಯರು ನೋಡುತ್ತಾರೆ ಅನ್ನುವುದು ನಿಯಮ. ಪಶುವೈದ್ಯರು ನೋಡುವುದು ಅಂದರೇನು ಅಂತ ಊರಿಗೆಲ್ಲ ಗೊತ್ತು, ಒಂದು ಸೂಜಿ, ಅಲ್ಲಿಗೆ ಮುಗಿಯಿತು. ನಾನು ಬೇರೆ ಲೆಕ್ಕ ಹಾಕಿದೆ. ನನ್ನದೊಂದು ಅವರ ಹತ್ತಿರ ಇದೆ, ಅವರದೊಂದು ನನ್ನ ಹತ್ತಿರ ಇರಲಿ. ಬರಿಗೈಯಲ್ಲಿ ಹೋದವನ ಮಾತು ಯಾರು ಕೇಳುತ್ತಾರೆ. ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದ್ದೇನೆ.

ಔನೆ ಬಾಗಿಲಲ್ಲಿ ನಿಂತು ನೋಡಿದಳು. ಏನದು ಅಂದಳು. ಒತ್ತೆಯಾಳು ಅಂದೆ.

ನವೆಂಬರ್ 2, ಗುರುವಾರ

ಪಿಹ್ಲಾ ಫೋನ್ ಮಾಡಿದಳು. ಆ ಕಡೆಯಿಂದ ಉತ್ತರ ಬಂತಂತೆ: ಬೂದು ನಾಯಿ ಯಾವುದೂ ಕಣ್ಣಿಗೆ ಬಿದ್ದಿಲ್ಲ.

ಹಸೀ ಸುಳ್ಳು. ರೆಮು ಬಾಯಿಬಿಟ್ಟರೆ ಅರ್ಧ ಜಿಲ್ಲೆಗೆ ಕೇಳುತ್ತದೆ. ಕೊರಳಪಟ್ಟಿಯ ಚುಕ್ಕೆ ಕೊನೆಗೆ ನಿಂತದ್ದು ಆ ಕಡೆಯ ಹಳ್ಳಿಯ ಅಂಚಿನಲ್ಲಿ, ಆಮೇಲೆ ಒಮ್ಮೆಲೇ ಆರಿತು. ತಾನಾಗಿ ಆರಲು ಅದೇನು ದೀಪವೇ. ಯಾರದೋ ಕೈ ಪಟ್ಟಿ ಬಿಚ್ಚಿದೆ. ಅಂಥ ನಾಯಿ ಅಂಗಳಕ್ಕೆ ಬಂದರೆ ಯಾರು ಬಿಡುತ್ತಾರೆ. ಕಳ್ಳರು. ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಕಳ್ಳರು.

ಪಿಹ್ಲಾಗೆ ಕೊಟ್ಟಿಗೆಯ ವಿಷಯ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಹಾಗೆಲ್ಲ ಮೊದಲೇ ಇಸ್ಪೀಟೆಲೆ ತೋರಿಸಬಾರದು.

ಕೊಟ್ಟಿಗೆಯಲ್ಲಿರುವ ಆ ಕಡೆಯದಕ್ಕೆ ಗಂಜಿ ಹಾಕಿದೆ. ಬರೀ ಗಂಜಿ. ಔನೆ ಅದಕ್ಕೆ ಮಾಂಸ ಹಾಕಿದ್ದು ನೋಡಿ ಬಯ್ದೆ.

ನವೆಂಬರ್ 18, ಶನಿವಾರ

ಗಡಿ ಗೇಟುಗಳನ್ನು ಮುಚ್ಚಿದರು. ಆ ಕಡೆಯವರು ಎಲ್ಲೆಲ್ಲಿಯದೋ ಬಡಪಾಯಿಗಳಿಗೆ ಸೈಕಲ್ ಕೊಟ್ಟು ನಮ್ಮ ಕಡೆ ತಳ್ಳುತ್ತಿದ್ದಾರಂತೆ, ಅದಕ್ಕೆ. ಮುಚ್ಚಿದ್ದು ಸರಿಯೇ. ನಾನಾಗಿದ್ದರೂ ಮುಚ್ಚುತ್ತಿದ್ದೆ. ಆದರೆ ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕಿಟಕಿಗೆ ಹೋಗುತ್ತೇನೆ, ಬರುತ್ತೇನೆ. ಔನೆ ನೆಲ ಸವೆಯುತ್ತೆ ಅಂದಳು.

ಬೇಟೆ ತಂಡದ ಹಬೆಮನೆ ಸೌನಾದಲ್ಲಿ ಒಯ್ವಾ ಎಲ್ಲರ ಮುಂದೆ ನನ್ನನ್ನು ಹಿಡಿದುಕೊಂಡ. ಮೂವತ್ತು ದೇಶ ಬೆನ್ನಿಗಿದೆಯಲ್ಲಪ್ಪಾ, ಒಂದು ನಾಯಿ ತರಿಸಿ ತೋರಿಸು ನೋಡೋಣ ಅಂದ. ಎಲ್ಲರೂ ನಕ್ಕರು. ನಾನು ಕಾದ ಕಲ್ಲಿನ ಮೇಲೆ ಎಷ್ಟು ನೀರು ಸುರಿದೆನೆಂದರೆ ಬಿಸಿ ಹಬೆಗೆ ಅವನೇ ಮೊದಲು ಎದ್ದು ಓಡಿದ. ಹೊರಗೆ ಮೆಟ್ಟಿಲ ಮೇಲೆ ಕೂತಾಗ ಮಾತ್ರ ಮೆತ್ತಗಾದ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರಲ್ಲ, ಹಾಗಾಯ್ತು ಕಣೋ," ಅಂದ.

ಅವನ ಕನಿಕರ ಅವನ ಕುಚೋದ್ಯಕ್ಕಿಂತ ಹೆಚ್ಚು ಚುಚ್ಚಿತು.

ಡಿಸೆಂಬರ್ 3

ಆ ಕಡೆಯದು ರಾತ್ರಿಯೆಲ್ಲ ಊಳಿಟ್ಟಿತು. ಯಾರಿಗಾದರೂ ಕೇಳಿಸಿದರೆ ಕಷ್ಟ ಅಂತ ಬಿಚ್ಚಿ ಒಳ ಮೊಗಸಾಲೆಗೆ ತಂದೆ. ಕೇಳಿಸಬಾರದು ಅನ್ನುವುದಷ್ಟೇ ಕಾರಣ.

ಡಿಸೆಂಬರ್ 14, ಗುರುವಾರ

ಇವತ್ತು ನೀರಾಲಾ ಗಡಿ ಗೇಟು ಮತ್ತೆ ತೆರೆದರು. ಸುದ್ದಿ ಕೇಳುತ್ತಲೇ ಎದ್ದೆ. ಇನ್ನು ಯಾರನ್ನು ಕಾಯುವುದು, ನಾನೇ ಹೋಗಿ ಅವರ ಮುಂದೆ ನಿಂತು, ಇಗೋ ನಿಮ್ಮದು, ತನ್ನಿ ನನ್ನದು ಅನ್ನುತ್ತೇನೆ ಅಂತ ಔನೆಗೆ ಹೇಳಿದೆ. ಬಿಳಿದನ್ನು ಬಾಚಿ, ಕಾರಿನ ಹಿಂದಿನ ನಾಯಿಗೂಡಿಗೆ ಹತ್ತಿಸಿದೆ. ಹತ್ತುವಾಗ ಅದು ನನ್ನ ಕೈ ನೆಕ್ಕಿತು. ಬೇಟೆಗೆ ಕರೆದೊಯ್ಯುತ್ತೇನೆ ಅಂದುಕೊಂಡಿತೋ ಏನೋ.

ಗೇಟಿನ ಹತ್ತಿರ ಕಾರು ನಿಲ್ಲಿಸಿ ಕೂತೆ. ಒಂದಷ್ಟು ಜನ ಮೂಟೆ ಹಿಡಿದು ಆ ಕಡೆಯಿಂದ ನಡೆದು ಬರುತ್ತಿದ್ದರು. ನಮ್ಮ ಕಾವಲಿನವರು ಪ್ರತಿಯೊಬ್ಬರ ಚೀಲವನ್ನೂ ಬಿಚ್ಚಿಸುತ್ತಿದ್ದರು. ಇದನ್ನು ತೋರಿಸಿದರೆ ಮೊದಲು ನಮ್ಮವರೇ ಹಿಡಿಯುತ್ತಾರೆ ಅಂತ ಆಗ ಹೊಳೆಯಿತು. ಲಸಿಕೆ ಎಲ್ಲಿ, ಎಲ್ಲಿಂದ ಬಂತು, ಇಷ್ಟು ದಿನ ಎಲ್ಲಿತ್ತು ಅಂತ ಕೇಳುತ್ತಾರೆ. ಆಮೇಲೆ ಪಶುವೈದ್ಯರು. ಆಮೇಲೆ ನನ್ನ ಕೈಯಲ್ಲಿ ರೆಮುವೂ ಇಲ್ಲ, ಒತ್ತೆಯಾಳೂ ಇಲ್ಲ.

ಎಂಜಿನ್ ಆರಿಸದೆ ಅಷ್ಟು ಹೊತ್ತು ಕೂತು ಹಾಗೇ ತಿರುಗಿ ಬಂದೆ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ಸಾಸೇಜ್ ಕೊಂಡು ಅರ್ಧ ನಾನು ತಿಂದೆ. ಉಳಿದರ್ಧ ಏನು ಮಾಡುವುದು, ಅದಕ್ಕೇ ಹಾಕಿದೆ.

ಡಿಸೆಂಬರ್ 15

ಗೇಟು ಮತ್ತೆ ಮುಚ್ಚುತ್ತಾರಂತೆ, ಇವತ್ತೇ ರಾತ್ರಿ. ಒಳ್ಳೆಯದಾಯಿತು.

ಒಳ್ಳೆಯದಾಯಿತು ಅಂತ ಯಾಕೆ ಬರೆದೆನೋ. ಒಳ್ಳೆಯದೇನಾಯಿತು, ಮಣ್ಣು.

ಜನವರಿ 5, 2024

ಹೊರಗೆ ಉಗುಳಿದರೆ ನೆಲಕ್ಕೆ ಬೀಳುವ ಮೊದಲೇ ಗಟ್ಟಿಯಾಗುತ್ತಿದೆ. ಬಿಳಿಯನನ್ನು ಒಳಗೆ ಒಲೆಯ ಹತ್ತಿರ ಮಲಗಿಸಿದ್ದೇನೆ. ಒತ್ತೆಯಾಳು ಗಟ್ಟಿಮುಟ್ಟಾಗಿರಬೇಕು, ಸತ್ತದ್ದಕ್ಕೆ ಬದಲಾಗಿ ಯಾರೂ ಬದುಕಿದ್ದನ್ನು ಕೊಡುವುದಿಲ್ಲ. ಔನೆಗೆ ಇದನ್ನು ವಿವರಿಸಿ ಹೇಳಿದೆ. ಅವಳು ನನ್ನ ತಟ್ಟೆ ನೋಡಿದಳು. ಮಾಂಸದ ತುಂಡುಗಳು ತಟ್ಟೆಯಿಂದ ಕೆಳಗೆ ಹೋಗಿ ಆಗಿತ್ತು.

ಅದು ಮಲಗಿದ್ದು ರೆಮುವಿನ ಜಾಗವಲ್ಲ. ಅದರ ಪಕ್ಕ. ರೆಮುವಿನ ಜಾಗ ಹಾಗೇ ಇದೆ.

ಫೆಬ್ರವರಿ 10, ಶನಿವಾರ

ಸಿಕ್ಕಿಬಿದ್ದೆ. ಮನೆಯೊಳಗೆ ಕೂತು ಕೂತು ಬಿಳಿಯ ಕೊಬ್ಬುತ್ತಿದ್ದಾನೆ ಅಂತ ಹಿಮದಲ್ಲಿ ಓಡಾಡಿಸಲು ಕರೆದೊಯ್ದಿದ್ದೆ, ಯಾರೂ ಬಾರದ ಜೌಗಿನ ಕಡೆಗೆ. ಒಯ್ವಾ ಸ್ಕೀ ಮೇಲೆ ಎದುರಿಗೇ ಬಂದ. ಹಕ್ಕಿಯೊಂದನ್ನು ಮರದ ಮೇಲೆ ತಡೆದು ಕೂರಿಸಿ ಬಿಳಿಯ ಬೊಗಳುತ್ತಿದ್ದ. ಏನು ಗಂಟಲು, ಏನು ತಾಳ್ಮೆ. ನಾನು ಬಾಯಿಬಿಟ್ಟು ನೋಡುತ್ತ ನಿಂತಿದ್ದೆ, ಒಯ್ವಾ ಪಕ್ಕಕ್ಕೆ ಬಂದು ನಿಂತದ್ದೇ ತಿಳಿಯಲಿಲ್ಲ.

ಎಲ್ಲ ಹೇಳಬೇಕಾಯಿತು. ಅವನು ನಗುತ್ತಾನೆ ಅಂದುಕೊಂಡೆ, ನಗಲಿಲ್ಲ. ಪಿಹ್ಲಾಗೆ ಯಾಕೆ ಹೇಳಲಿಲ್ಲ, ಹೇಳಿದ್ದರೆ ಆ ಕಡೆಯವರೂ ಏನಾದರೂ ಮಾತಾಡುತ್ತಿದ್ದರಲ್ಲ ಅಂತ ಕೇಳಿದ. ಮೊದಲು ಅವರು ನನ್ನದನ್ನು ಕೊಡಲಿ ಅಂದೆ. ಅವರೂ ಹಾಗೇ ಅಂದರೆ ಅಂತ ಕೇಳಿದ. ಅವರು ಸುಳ್ಳರು, ನಂಬಿ ಕೆಡಲು ನಾನೇನು ಮಂಕೇ ಅಂದೆ.

ಒಯ್ವಾ ಮೂಗು ಒರೆಸಿಕೊಂಡ. "ನಾನು ಏನೂ ನೋಡಿಲ್ಲಪ್ಪ, ನನಗೆ ಕಣ್ಣು ಮಂಜು," ಅಂತ ಹೇಳಿ ಸ್ಕೀ ತಿರುಗಿಸಿದ. ನಾಲ್ಕು ಮಾರು ಹೋಗಿ, ನಾಯಿ ಮಾತ್ರ ಭೇಷಾಗಿದೆ ಅಂದ.

ಭೇಷಾಗಿದೆ ಅಂದದ್ದು ಕೇಳಿ ಎದೆಯುಬ್ಬಿತು. ಯಾರ ನಾಯಿಗೋ ನಾನು ಯಾಕೆ ಉಬ್ಬಬೇಕು.

ಮಾರ್ಚ್ 9

ಗಡಿಯಾಚೆ ಹೊಸ ದಂಡು ತಂದಿಡುತ್ತಾರಂತೆ. ನಮ್ಮ ಕಡೆಯೂ ಹೊಸ ದೋಸ್ತರ ಸೈನಿಕರು ಬಂದು ಕವಾಯತು ಮಾಡುತ್ತಾರಂತೆ. ನಾವು ಸೇರಿದ್ದಕ್ಕೆ ಅವರು ತಂದರು, ಅವರು ತಂದದ್ದಕ್ಕೆ ಇವರು ಬಂದರು. ಟಿವಿಯಲ್ಲಿ ಇಬ್ಬರು ತಜ್ಞರು ವಾದ ಮಾಡಿದರು. ಇದರಿಂದ ಈ ಸುತ್ತಿಗೆ ಭದ್ರತೆ ಹೆಚ್ಚಿತು ಅಂತ ಒಬ್ಬರು, ನೆಮ್ಮದಿ ಹೋಯಿತು ಅಂತ ಇನ್ನೊಬ್ಬರು. ಇಬ್ಬರಿಗೂ ಕೋಲಿನಿಂದ ಎರಡು ಕೊಡಬೇಕು ಅನ್ನಿಸಿತು. ನಾನು ಈಗಲೂ ಸೇರಿದ್ದೇ ಸರಿ ಅನ್ನುತ್ತೇನೆ. ಆದರೂ ರಸ್ತೆಯಲ್ಲಿ ಕಾರಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತೇನೆ, ಬಿಳಿಯನೂ ಎದ್ದು ನಿಲ್ಲುತ್ತಾನೆ.

ರೆಮುವಿನ ಜಾಗದಲ್ಲಿ ಬಿಳಿಯ ಮಲಗಿದ್ದಾನೆ. ಔನೆ ನೆಲ ಒರೆಸುವಾಗ ಅವನನ್ನು ಅಲ್ಲಿಗೆ ಜರುಗಿಸಿದಳಂತೆ. ಎಬ್ಬಿಸಬೇಕು.

ಎಬ್ಬಿಸಲಿಲ್ಲ, ನಿದ್ದೆಯಲ್ಲಿದ್ದ.

ಮಾರ್ಚ್ 27, ಬುಧವಾರ

ಇವತ್ತು ಪಿಹ್ಲಾ ಬಂದಳು. ಫೋನ್ ಇಲ್ಲ, ಸುಳಿವಿಲ್ಲ, ಸಮವಸ್ತ್ರದಲ್ಲೇ ಕಾರಿನಿಂದ ಇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಮೊದಲು ಬಿಳಿಯನನ್ನು ಹಿಂಬಾಗಿಲಿಂದ ಸೌನಾ ಕೋಣೆಗೆ ತಳ್ಳಿ ಚಿಲಕ ಹಾಕಿದೆ. ಆಮೇಲೆ ಬಾಗಿಲು ತೆಗೆದೆ.

ಔನೆ ಕಾಫಿ ಇಟ್ಟಳು, ಓವನ್ನಿನಿಂದ ಆಗಷ್ಟೇ ತೆಗೆದ ರೈ ಹಿಟ್ಟಿನ ಕಡುಬು ಇಟ್ಟಳು. ಪಿಹ್ಲಾ ನಿಧಾನವಾಗಿ ತಿಂದಳು. ತಿಂದು ಮುಗಿಸಿ ವಿಷಯಕ್ಕೆ ಬಂದಳು. ಗಡಿಯ ಎರಡು ಕಡೆಯವರು ಮೊನ್ನೆ ಕೂತು ಮಾತಾಡಿದರಂತೆ, ಅಷ್ಟಾದರೂ ಮಾತು ಇನ್ನೂ ಉಳಿದಿದೆಯಂತೆ. ಕೊನೆಯಲ್ಲಿ ಆ ಕಡೆಯವರು ತಾವಾಗಿ ಒಂದು ವಿಷಯ ಎತ್ತಿದರಂತೆ. ಅವರ ಹಳ್ಳಿಯ ಮುದುಕನೊಬ್ಬನ ನಾಯಿ ಅಕ್ಟೋಬರಿನಲ್ಲಿ ಈ ಕಡೆ ಬಂದಿದೆ. ಬಿಳಿಯದು, ಎಡಗಿವಿ ಹರಿದದ್ದು. ಮುದುಕ ಐದು ತಿಂಗಳಿಂದ ದಿನಾ ಠಾಣೆಗೆ ಬಂದು ಕೂರುತ್ತಾನಂತೆ, ಅವನ ಕಾಟ ತಡೆಯಲಾರದೆ ಕೇಳುತ್ತಿದ್ದೇವೆ ಅಂದರಂತೆ.

ನಾನು ಕಾಫಿಗೆ ಸಕ್ಕರೆ ಹಾಕಿಕೊಂಡೆ. ನಾನು ಸಕ್ಕರೆ ಹಾಕಿಕೊಳ್ಳುವವನೇ ಅಲ್ಲ.

"ನಾವು ಅದನ್ನು ಹುಡುಕಿ ಕೊಟ್ಟರೆ ನಿಮ್ಮ ಬೂದು ನಾಯಿಯನ್ನೂ ಇನ್ನೊಂದು ಸಲ ಹುಡುಕಿ ನೋಡ್ತೀವಿ ಅಂದಿದಾರೆ," ಅಂದಳು ಪಿಹ್ಲಾ.

ಅಂದರೆ ಇದೆ. ರೆಮು ಇದೆ. ಬದುಕಿದೆ. ಇಲ್ಲದಿದ್ದರೆ ಹಾಗೆ ಯಾಕೆ ಅನ್ನುತ್ತಾರೆ. ಮೇಜಿನ ಅಂಚು ಹಿಡಿದುಕೊಂಡೆ. ಸಿಕ್ಕರೆ ಆ ಬಿಳಿ ನಾಯಿ ನೇರ ಆ ಕಡೆಗೆ ಹೋಗುತ್ತದೆಯಾ ಅಂತ ಕೇಳಿದೆ. ಮೊದಲು ಪಶುವೈದ್ಯರ ಹತ್ತಿರ, ಆಮೇಲೆ ಅವರು ಹೇಳಿದ ಹಾಗೆ ಅಂದಳು. ಅವರು ಏನು ಹೇಳುತ್ತಾರೆ ಅಂದೆ. ಗೊತ್ತಿಲ್ಲ ಅಂದಳು. ರೆಮುವನ್ನು ಕೊಟ್ಟೇ ಕೊಡುತ್ತಾರಾ ಅಂದೆ. ಹುಡುಕುತ್ತೀವಿ ಅಂದಿದ್ದಾರೆ, ನನ್ನಿಂದ ಅಷ್ಟೇ ಹೇಳೋಕಾಗೋದು ಅಂದಳು. ಎಲ್ಲ ಅಡ್ಡಗೋಡೆಯ ಮೇಲೆ ದೀಪ. ಆ ಹುಡುಗಿಯದು ತಪ್ಪಿಲ್ಲ, ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಸುಳ್ಳು ಹೇಳಿ ಧೈರ್ಯ ಕೊಟ್ಟಿದ್ದರೆ ನಾನು ಎದ್ದು ಹೋಗಿ ಚಿಲಕ ತೆಗೆಯುತ್ತಿದ್ದೆನೋ ಏನೋ.

ಆಗ ಸೌನಾ ಕಡೆಯಿಂದ ಒಂದು ಬೊಗಳು ಕೇಳಿತು. ಒಂದೇ ಒಂದು.

ಪಿಹ್ಲಾ ಲೋಟ ಕೆಳಗಿಟ್ಟಳು. "ಬೇರೆ ನಾಯಿ ತಂದ್ರಾ?"

"ಒಯ್ವಾನದ್ದು," ಅಂದೆ. "ನೋಡಿಕೊಂಡಿರು ಅಂತ ಬಿಟ್ಟು ಹೋಗಿದಾನೆ."

"ಬಿಳಿ ನಾಯಿ?"

"ಈ ಕಡೆ ಬಂದೇ ಇಲ್ಲ ಕಣಮ್ಮ. ಬಂದಿದ್ರೆ ನನಗೆ ಗೊತ್ತಾಗ್ತಿರ್ಲಿಲ್ವಾ."

ಅವಳು ನನ್ನ ಮುಖ ನೋಡಿದಳು, ಔನೆಯ ಮುಖ ನೋಡಿದಳು. ಔನೆ ಒಲೆಯ ಕಡೆ ತಿರುಗಿದಳು. ಪಿಹ್ಲಾ ಕಾಫಿಗೆ ಥ್ಯಾಂಕ್ಸ್ ಹೇಳಿ, ಕಂಡಿಲ್ಲ ಅಂತಲೇ ತಿಳಿಸುತ್ತೇನೆ ಅಂದಳು. ಮೆಟ್ಟಿಲಿಳಿದು ಒಂದು ಗಳಿಗೆ ನಿಂತಳು, ನಾನು ಕರೆಯುತ್ತೇನೇನೋ ಅಂತ ಕಾದಂತಿತ್ತು. ನಾನು ಕರೆಯಲಿಲ್ಲ. ಕಾರು ಹೋಯಿತು.

ಔನೆ ಲೋಟ ತೊಳೆಯುತ್ತ ಬೆನ್ನು ತಿರುಗಿಸಿಕೊಂಡೇ ಕೇಳಿದಳು, ರೆಮು ಬರೋದು ಬೇಡವಾ ನಿನಗೆ ಅಂತ. ಬೇಕು ಅಂದೆ. ಬೇಕು, ದೇವರಾಣೆ ಬೇಕು. ಆದರೆ ಅವರು ಮೊದಲು ಕೊಡಲಿ. ಇದನ್ನು ಕೊಟ್ಟು ಅದೂ ಬರದಿದ್ದರೆ ನಾನು ಏನು ಮಾಡಲಿ. ಅವರ ಮಾತು ನಂಬಿ ಇದನ್ನು ಸೂಜಿಗೆ ಒಪ್ಪಿಸಲಾ.

ಅವಳು ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದಳು. ಆಮೇಲೆ ಅಂದಳು: "ನಮ್ಮ ರೆಮು ಆ ಮುದುಕನ ಮನೇಲೇ ಇದೆಯೇನೋ. ತನ್ನದು ಹೋಯ್ತಲ್ಲ ಅಂತ ನಮ್ಮದನ್ನ ಬಚ್ಚಿಟ್ಟುಕೊಂಡಿರ್ತಾನೆ. ತನ್ನದು ಮೊದಲು ಬರಲಿ ಅಂತ ಕಾಯ್ತಿರ್ತಾನೆ."

ಹಾಗೇನಾದರೂ ಇದ್ದರೆ ಅವನಂಥ ಕಳ್ಳ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಅಂದೆ. ಕಂಡವರ ನಾಯಿಯನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡು, ಕೇಳಲು ಬಂದವರಿಗೆ ಇಲ್ಲ ಅಂತ ಮುಖದ ಮೇಲೆ ಹೇಳುವವನಿಗೆ ಎದೆಯಲ್ಲಿ ಏನಿರುತ್ತದೆ ಅಂತ ಕೇಳಿದೆ.

ಔನೆ ತಿರುಗಿ ನನ್ನನ್ನು ನೋಡಿದಳು, ಒದ್ದೆ ಕೈಯಲ್ಲೇ ಹೊರಗೆ ಹೋದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಈಚೆಗೆ ಅವಳ ವರಸೆಯೇ ಅರ್ಥವಾಗುತ್ತಿಲ್ಲ.

ನಾನು ಹೋಗಿ ಸೌನಾದ ಚಿಲಕ ತೆಗೆದು ಬಿಳಿಯನನ್ನು ಒಲೆಯ ಹತ್ತಿರ ಕರೆತಂದೆ.